ಶೇರ್ವಾನಿಯ ಬೆಳ್ಳಿ ಗುಂಡಿ

ಗಂಡಸರ ಬೆಳ್ಳಿ ನೋಡಿ ನೋಡಿ ನನಗೆ ಗಂಡಸರ ಮೇಲಿನ ಮರ್ಯಾದೆಯೇ ಹೋಯಿತು. ಹೆಂಗಸರು ನಮ್ಮ ಅಂಗಡಿಗೆ ಬಂದರೆ ಕಾಲುಂಗುರ ಸವೆದಿದೆ, ಗೆಜ್ಜೆ ಕಿತ್ತಿದೆ, ಕೂಡಿಸಿಕೊಡು ಅನ್ನುತ್ತಿದ್ದರು. ಕೂಡಿಸಿಕೊಟ್ಟರೆ ಎದ್ದು ಹೋಗುತ್ತಿದ್ದರು. ಗಂಡಸರು ಹಾಗಲ್ಲ. ಒಂದು ಗುಂಡಿಯನ್ನೋ, ನಡುಪಟ್ಟಿಯ ಬಕಲನ್ನೋ, ಗಡಿಯಾರದ ಸರಪಳಿಯ ಮುರಿದ ತುಂಡನ್ನೋ ತಂದು ಮುಂದಿಟ್ಟು ಮೊದಲು ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಆಮೇಲೆ ಅಜ್ಜನ ಕಥೆ ಶುರು. ಅಜ್ಜ ಯಾವಾಗಲೂ ಹೈದರಾಬಾದಿನ ದರ್ಬಾರಿಗೆ ಹೋದವನೇ. ಅಲ್ಲಿ ಅವನನ್ನು ಮೆಚ್ಚಿ ಕೈಯಾರೆ ಕೊಟ್ಟದ್ದೇ ಈ ಗುಂಡಿ. ಚಿತ್ತಾಪುರ, ಸೇಡಂ ಎರಡು ತಾಲೂಕಿನ ಅಜ್ಜಂದಿರಿಗೆಲ್ಲ ಹೀಗೆ ಕೈಯಾರೆ ಕೊಡುತ್ತ ಕೂತಿದ್ದರೆ ಆ ದರ್ಬಾರಿನವರಿಗೆ ಊಟಕ್ಕೂ ಪುರುಸೊತ್ತು ಸಿಕ್ಕಿರಲಿಕ್ಕಿಲ್ಲ.

ನಮ್ಮದು ಚಿತ್ತಾಪುರದ ಬಜಾರಿನಲ್ಲಿ ಪತ್ತಾರರ ಅಂಗಡಿ. ನನ್ನ ತಂದೆ ಬೆಳ್ಳಿ ಕೆಲಸದವರು. ಗಂಡನ ಮನೆಯ ಬಾಳುವೆ ನನಗೆ ಒಗ್ಗಲಿಲ್ಲ, ನಾನು ಅವರಿಗೆ ಒಗ್ಗಲಿಲ್ಲ, ತವರಿಗೆ ಬಂದುಬಿಟ್ಟೆ. ಅಪ್ಪನ ಕಣ್ಣಿಗೆ ಪೊರೆ ಬಂದಿತ್ತು, ಗಂಡುಮಕ್ಕಳಿರಲಿಲ್ಲ, ಹೀಗಾಗಿ ಗಾದಿಯ ಮೇಲೆ ನಾನು ಕೂತೆ. ಮೊದಮೊದಲು ಬಂದವರೆಲ್ಲ ನನ್ನ ತಲೆಯ ಮೇಲಿಂದ ಒಳಗೆ ಇಣುಕಿ, "ಯಾರೂ ಇಲ್ಲೇನ್ರಿ?" ಎಂದು ಕೇಳುತ್ತಿದ್ದರು. "ನಾ ಇದ್ದೀನಲ್ರಿ, ಕಣ್ಣಿಗಿ ಕಾಣಂಗಿಲ್ಲೇನು?" ಅನ್ನುತ್ತಿದ್ದೆ. ಬಾಯಿ ಜೋರು ಎಂದು ಹೆಸರಾಯಿತು. ಆಗಲಿ ಎಂದು ಬಿಟ್ಟೆ, ಅಂಗಡಿಗೆ ಅದರಿಂದ ಒಳ್ಳೆಯದೇ ಆಯಿತು.

ಒಮ್ಮೆ ಸೇಡಂ ಕಡೆಯಿಂದ ಕನ್ನಡಕದ ಪಂಡಿತರೊಬ್ಬರು ಬಂದರು. ಮಳಖೇಡದ ಹಾಳು ಕೋಟೆಯ ಹತ್ತಿರ ಯಾರಿಗೋ ಸಿಕ್ಕಿದ್ದಂತೆ, ರೇಷ್ಮೆ ಕರವಸ್ತ್ರದಲ್ಲಿ ಸುತ್ತಿಕೊಂಡು ತಂದಿದ್ದರು. ಬಿಚ್ಚಿದರೆ ಬೆಳ್ಳಿಯ ಬೆಲ್ಟಿನ ಬಕಲು. ಅದರ ಬೆನ್ನಿಗೆ ಎಳ್ಳುಕಾಳಿನಷ್ಟು ಸಣ್ಣದಾಗಿ ಒಂದು ನಡೆಯುವ ಸಿಂಹ, ಪಕ್ಕದಲ್ಲಿ ಹಡಗಿನ ಲಂಗರು. "ನೋಡಿದ್ರಾ, ಸಿಂಹ! ಮಳಖೇಡದ ಅರಸರ ಕಾಲದ್ದು" ಎಂದರು. "ಸರ, ಮಳಖೇಡದ ಅರಸರು ಪ್ಯಾಂಟು ಹಾಕ್ತಿದ್ರೇನ್ರಿ?" ಎಂದೆ. ಆ ಸಿಂಹ, ಆ ಲಂಗರು ಎರಡೂ ವಿಲಾಯಿತಿಯಲ್ಲಿ ಬೆಳ್ಳಿಯ ಮೇಲೆ ಒತ್ತುವ ಸರಕಾರಿ ಗುರುತು. ವಾಡಿ ಜಂಕ್ಷನ್ನಿನ ರೈಲ್ವೆ ಸಾಹೇಬರ ಬಕಲುಗಳು ರಿಪೇರಿಗೆ ನಮ್ಮಪ್ಪನ ಹತ್ತಿರ ಬರುತ್ತಿದ್ದವು, ಅಂಥ ಸಿಂಹಗಳನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಯಾವನೋ ಸಾಹೇಬ ಕೋಟೆ ನೋಡಲು ಹೋಗಿ ಕಳಕೊಂಡಿರಬೇಕು. ಪಂಡಿತರಿಗೆ ಅದು ರುಚಿಸಲಿಲ್ಲ. ಬಕಲನ್ನು ಮತ್ತೆ ರೇಷ್ಮೆಯಲ್ಲಿ ಸುತ್ತಿಕೊಂಡು, ಹೆಂಗಸರಿಗೆ ಚರಿತ್ರೆ ತಿಳಿಯದು ಎಂದು ಹೇಳಿ ಹೊರಟುಹೋದರು.

ಬೆಳ್ಳಿ ಗುಂಡಿಯ ಮುಖ ನೋಡಿ ಊರು ಹೇಳುವವನಿಗೆ ನನ್ನ ಅಂಗಡಿಯ ಕಟ್ಟೆ ಹತ್ತುವ ಯೋಗ್ಯತೆ ಇಲ್ಲ. ಮುಖದ ಮೇಲಿನ ಹೂವು, ಬಳ್ಳಿ, ನವಿಲುಗಳನ್ನು ಎಲ್ಲ ಊರಿನವರೂ ಎಲ್ಲ ಊರಿನವರಿಂದ ಕದಿಯುತ್ತಾರೆ. ಊರು ಇರುವುದು ಹೊಟ್ಟೆಯಲ್ಲಿ. ಹಳೆಯ ಗುಂಡಿ ಎಂದರೆ ತೆಳ್ಳನೆಯ ಬೆಳ್ಳಿ ತಗಡಿನದು, ಒಳಗೆ ಟೊಳ್ಳು. ಅದು ತಗ್ಗು ಬೀಳದಿರಲಿ ಎಂದು ಬೆನ್ನಿನ ಸಣ್ಣ ತೂತಿನಿಂದ ಅರಗು ಕಾಸಿ ತುಂಬುತ್ತಿದ್ದರು. ಬರೀ ಅರಗು ನಮ್ಮ ಕಡೆಯ ಬಿಸಿಲಿಗೆ ತಡೆಯುವುದಿಲ್ಲ, ಮೆತ್ತಗಾಗುತ್ತದೆ. ಅದಕ್ಕೆ ಏನಾದರೂ ಪುಡಿ ಕಲಸಬೇಕು. ಯಾವ ಪತ್ತಾರನೂ ಪುಡಿ ಹುಡುಕಿಕೊಂಡು ದೂರ ಹೋಗುವುದಿಲ್ಲ, ಕಾಲಡಿ ಸಿಕ್ಕಿದ್ದನ್ನೇ ಕಲಸುತ್ತಾನೆ. ಶಹಾಬಾದ, ವಾಡಿ, ಚಿತ್ತಾಪುರದಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಪುಡಿ, ಹಾಗಾಗಿ ನಮ್ಮ ಅರಗು ಬೂದಿ ಬಣ್ಣದ್ದು. ಹೈದರಾಬಾದಿನ ಪೇಟೆಯವರು ಸುಣ್ಣದ ಪುಡಿ ಹಾಕುತ್ತಿದ್ದರು, ಅದು ಬಿಳಿಚಿಕೊಂಡಿರುತ್ತದೆ. ಚಿಂಚೋಳಿ ಕಡೆ ಗುಡ್ಡದ ಕೆಮ್ಮಣ್ಣು. ನನ್ನ ತಾಯಿಯ ತವರು ಚಿಮ್ಮನಚೋಡ. ಸೋದರಮಾವಂದಿರು ಆ ಮಣ್ಣನ್ನು ಜರಡಿ ಹಿಡಿದು ಅರಗಿಗೆ ಕಲಸುವಾಗ ನಾನು ಪಕ್ಕದಲ್ಲೇ ಕೂತು ಅಂಗೈ ಕೆಂಪು ಮಾಡಿಕೊಂಡು ಬೈಸಿಕೊಳ್ಳುತ್ತಿದ್ದೆ. ಸೂಜಿ ಕಾಸಿ ಗುಂಡಿಯ ತೂತಿಗೆ ಚುಚ್ಚಿ ಹೊರಗೆ ತೆಗೆದರೆ ಸಾಕು, ಅದು ಹುಟ್ಟಿದ ಊರು ಸೂಜಿಯ ಮೊನೆಗೆ ಅಂಟಿಕೊಂಡು ಬರುತ್ತದೆ.

ಮೈಸೂರು ರಾಜ್ಯ ಕರ್ನಾಟಕವಾದ ಹೊಸದರಲ್ಲಿ ನಡೆದದ್ದು ಇದು. ನಮ್ಮ ಹಿಂದಿನ ಓಣಿಯಲ್ಲಿ ಒಬ್ಬ ಮುಸ್ಲಿಂ ವಿಧವೆ ಇದ್ದಳು. ನನಗಿಂತ ಸ್ವಲ್ಪ ಚಿಕ್ಕವಳು, ನನ್ನನ್ನು ಅಕ್ಕಾ ಅನ್ನುತ್ತಿದ್ದಳು, ನಾನು ಬೀಬಿ ಅನ್ನುತ್ತಿದ್ದೆ. ಗಂಡ ಹೋದ ಮೇಲೆ ಊರವರ ಬಟ್ಟೆ ಹೊಲಿದು ಒಬ್ಬನೇ ಮಗನನ್ನು ಓದಿಸಿದ್ದಳು. ಮಗ ಶಹಾಬಾದದ ಒಂದು ಕಾರ್ಖಾನೆಯ ಆಫೀಸಿನಲ್ಲಿ ಕಾರಕೂನ. ಅವನಿಗೆ ಗುಲಬರ್ಗಾದ ದೊಡ್ಡ ಮನೆಯ ಹುಡುಗಿಯೊಂದಿಗೆ ಮದುವೆ ಗೊತ್ತಾಗಿತ್ತು. ಅವರಲ್ಲಿ ಮದುಮಗನ ಬಟ್ಟೆ ಹೆಣ್ಣಿನ ಕಡೆಯಿಂದ ಬರುವ ರೂಢಿ. ಬೀಬಿಯ ಮದುವೆಯಲ್ಲೂ ಹಾಗೇ ಬಂದಿತ್ತು: ಚಿಂಚೋಳಿ ಕಡೆಯ ಐನಾಪುರದಲ್ಲಿ ಹೊಲ ಉಳುತ್ತಿದ್ದ ಅವಳ ತಂದೆ, ಅಳಿಯನಿಗೆ ಶೇರ್ವಾನಿ ಹೊಲಿಸಿ ಅದಕ್ಕೆ ಸರಪಳಿಯಲ್ಲಿ ಪೋಣಿಸಿದ ಬೆಳ್ಳಿ ಗುಂಡಿ ಮಾಡಿಸಿಕೊಟ್ಟಿದ್ದ. ಶೇರ್ವಾನಿ ನುಸಿ ತಿಂದು ಹೋಯಿತು. ಗುಂಡಿ ಉಳಿದವು.

"ನಮ್ಮಪ್ಪ ಮೊಮ್ಮಗನ ನಿಕಾಹ ನೋಡಾಕ ಇಲ್ಲಕ್ಕಾ. ಅವನ ಗುಂಡಿಯಾರ ನನ್ನ ಮಗನ ಎದಿ ಮ್ಯಾಲ ಇರಲಿ. ನನಗ ಅದೊಂದೇ ಆಸೆ" ಎಂದು ಬೀಬಿ ಆ ವರ್ಷವಿಡೀ ಹೇಳುತ್ತಿದ್ದಳು. ಅವಳು ಬೇರೆ ಏನನ್ನೂ ಬಯಸಿದ್ದು ನಾನು ಕಂಡಿಲ್ಲ.

ಇದಕ್ಕೆ ಅಡ್ಡ ಬಂದವನು ಅವಳ ಗಂಡನ ಅಣ್ಣ. ಸೇಡಂನಲ್ಲಿದ್ದ. ಮನೆತನದ ಹೆಸರು ಹೇಳುವುದೇ ಅವನ ಉದ್ಯೋಗ. ಕಣ್ಣಿಗೆ ಸುರ್ಮಾ, ಕಿವಿಯಲ್ಲಿ ಅತ್ತರಿನ ಹತ್ತಿ, ಕೈಯಲ್ಲಿ ಬೆಳ್ಳಿ ಹಿಡಿಯ ಬೆತ್ತ. ಬೆತ್ತದ ಹಿಡಿ ಬೆಳ್ಳಿಯದಲ್ಲ, ಕಂಚಿಗೆ ತೆಳ್ಳಗೆ ಬೆಳ್ಳಿ ಲೇಪ ಹೊಡೆದದ್ದು ಎಂದು ದೂರದಿಂದಲೇ ನನಗೆ ಗೊತ್ತಿತ್ತು. ತಮ್ಮ ಸತ್ತ ಮೇಲೆ ತಮ್ಮನ ಹೆಂಡತಿ ಹೇಗಿದ್ದಾಳೆ ಎಂದು ಒಂದು ದಿನ ಬಂದು ಕೇಳಿದವನಲ್ಲ. ಮದುವೆ ಗೊತ್ತಾದದ್ದೇ ತಡ, ಬಂದಿಳಿದ. ಗುಂಡಿಗಳು ದರ್ಬಾರಿನಲ್ಲಿ ತಮ್ಮ ಅಜ್ಜನಿಗೆ ಸಿಕ್ಕಿದ್ದು, ಮನೆತನದ್ದು, ಹಿರಿಯ ಮಗನ ಮನೆಯಲ್ಲಿರಬೇಕಾದದ್ದು, ಇಷ್ಟು ದಿನ ತಮ್ಮನ ಹತ್ತಿರ ಇದ್ದದ್ದೇ ತಪ್ಪು ಎಂದು ತಕರಾರು ತೆಗೆದ. ಬರುವ ವರ್ಷ ಅವನ ಮಗನ ಮದುವೆಯೂ ಇತ್ತು. ವಿಷಯ ಅದು.

"ಪತ್ತಾರ ಅಕ್ಕ ಏನಂತಾಳೋ ಅದೇ ಖರೆ" ಎಂದು ಬೀಬಿ ಹೇಳಿದಳಂತೆ. ಅವನೂ ಒಪ್ಪಿದ. ಅವನಿಗೆ ತನ್ನ ಅಜ್ಜನ ಮೇಲೆ ಅಷ್ಟು ಭರವಸೆ. ಬೀಬಿ, ಅವಳ ಮಗ, ಈ ಮಹಾಶಯ, ಮೂವರೂ ಒಂದು ದಿನ ಮಧ್ಯಾಹ್ನ ಅಂಗಡಿಗೆ ಬಂದರು.

"ಬರ್ರಿ, ಕುಂದ್ರಿ ಸಾಹೇಬ್ರ" ಎಂದೆ.

"ಕುಂದ್ರಾಕ ಬಂದಿಲ್ಲ ಬಾಯಿ. ಇದು ದರ್ಬಾರದ ಚೀಜು. ನೀವು ಬರೇ ಹೌದಂತ ಹೇಳ್ರಿ, ಮುಗೀತು."

"ಬರೇ ಹೌದನ್ನಾಕ ನಾ ಯಾಕ ಬೇಕ್ರಿ? ಅದಕ್ಕ ನಿಮ್ಮ ಬಲ್ಲಿ ಮಂದಿ ಭಾಳ ಇರಬೇಕಲ್ಲ."

ಅವನು ಮೀಸೆಯೊಳಗೇ ಏನೋ ಅಂದುಕೊಂಡ. ನಾನು ಗುಂಡಿಗಳನ್ನು ಕೈಗೆ ತೆಗೆದುಕೊಂಡೆ. ಚೆನ್ನಾದ ಕೆಲಸ, ನಾನು ಹೊಗಳದೆ ಇರಲಾರೆ. ಮುಖದ ಮೇಲೆ ಎಂಟೆಸಳಿನ ಹೂವು, ಸರಪಳಿ ಒತ್ತಾಗಿ ಹೆಣೆದದ್ದು, ಬಟ್ಟೆಯ ತೂತಿಗೆ ಸಿಕ್ಕಿಸುವ ಕೊಂಡಿ ದಪ್ಪ. ಪೇಟೆಯವರು ಅಷ್ಟು ಬೆಳ್ಳಿಯನ್ನು ಕಾಣದ ಕಡೆ ಹಾಕುವುದಿಲ್ಲ. ಆದರೂ ಬಾಯಿಮಾತಿಗೆ ಬಿಡಬಾರದೆಂದು ಕೆಂಡದ ಮೇಲೆ ಸೂಜಿ ಕಾಸಿದೆ, ಒಂದು ಗುಂಡಿಯ ಬೆನ್ನಿಗೆ ಚುಚ್ಚಿದೆ. ಅರಗಿನ ವಾಸನೆ ಎದ್ದಿತು. ಸೂಜಿಯ ಮೊನೆಯನ್ನು ಬಿಳಿ ಕಾಗದದ ಮೇಲೆ ಒರೆಸಿದರೆ ಕೆಂಪು. ಇನ್ನೊಂದಕ್ಕೆ ಚುಚ್ಚಿದೆ, ಅದೂ ಕೆಂಪು.

"ಚಿಂಚೋಳಿ ಗುಡ್ಡದ ಕೆಮ್ಮಣ್ಣು" ಎಂದೆ. "ಐನಾಪುರ, ಚಿಮ್ಮನಚೋಡ ಆ ಕಡಿ ಪತ್ತಾರರ ಕೈ. ನಿಮ್ಮ ಅಜ್ಜನವರಿಗಿ ದರ್ಬಾರದಾಗ ಏನ್ ಸಿಕ್ಕಿತ್ತೋ ನನಗ ಗೊತ್ತಿಲ್ರಿ. ಇದು ಬೀಬಿ ತವರಿನ ಮಾಲು."

ಬೀಬಿ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. "ನಾ ಹೇಳಿಲ್ಲೇನು?" ಎಂದು ಮಗನ ಕಡೆ ನೋಡಿದಳು.

"ಮಣ್ಣು ನೋಡಿ ಮನೆತನ ಹೇಳ್ತೀರೇನ್ ಬಾಯಿ? ಹೆಣ್ಮಕ್ಕಳ ಮಾತು ಕೇಳಾಕ ಬಂದಿದ್ದೇ ನಮ್ಮ ತಪ್ಪು" ಎಂದು ಬೀಬಿಯ ಭಾವ ಬೆತ್ತ ಕುಟ್ಟಿದ. "ದರ್ಬಾರದ್ದಂದ್ರ ದರ್ಬಾರದ್ದೇ."

"ನಿಮ್ಮ ಬೆತ್ತದ ಹಿಡಿನೂ ಕೊಡ್ರಿ ಸಾಹೇಬ್ರ, ಅದನ್ನೂ ನೋಡಿ ಹೇಳ್ತೀನಿ" ಎಂದೆ. ಅವನು ಬೆತ್ತ ಕಂಕುಳಲ್ಲಿ ಇಟ್ಟುಕೊಂಡು ಅಂಗಡಿ ಇಳಿದ. ಅಷ್ಟರಮಟ್ಟಿಗೆ ಅವನಿಗೂ ಗೊತ್ತಿತ್ತು ಎಂದಾಯಿತು.

ಗುಂಡಿ ಬೀಬಿಯದೇ ಎಂದು ತೀರ್ಮಾನವಾಯಿತು. ಆದರೆ ನಾನು ನೋಡಬೇಕಾಗಿದ್ದದ್ದು ಮಗನ ಮುಖವನ್ನು. ಆ ಹುಡುಗ ಕಾಗದದ ಮೇಲಿನ ಕೆಂಪು ಗೆರೆಯನ್ನು, ಯಾರೋ ತನ್ನ ಮುಖಕ್ಕೆ ಬಳಿದರೆಂಬಂತೆ ನೋಡುತ್ತಿದ್ದ. ನಾಚಿಕೆ ಇರಬಹುದು, ಐನಾಪುರದ ಅಜ್ಜನ ನೆನಪಾಗಿರಬಹುದು ಎಂದುಕೊಂಡೆ. ಗಂಡಸಿನ ವಿಷಯದಲ್ಲಿ ಒಳ್ಳೆಯದನ್ನು ಎಣಿಸಿದಾಗೆಲ್ಲ ನಾನು ಹೀಗೇ ಮೋಸ ಹೋಗಿದ್ದೇನೆ.

ಎರಡು ದಿನ ಬಿಟ್ಟು ಬೀಬಿ ಒಬ್ಬಳೇ ಬಂದಳು. ಗುಂಡಿಗಳ ಗಂಟು ಅವಳ ಮಡಿಲಲ್ಲೇ ಇತ್ತು. ಮುಖ ಸಣ್ಣಗಾಗಿತ್ತು.

"ಅಕ್ಕಾ, ಅವನು ಒಲ್ಲೆ ಅಂತಾನ."

"ಏನು ಒಲ್ಲೆ ಅಂತಾನ?"

"ಈ ಗುಂಡಿ ಹಾಕ್ಕೊಳಾಕ ಒಲ್ಲೆ ಅಂತಾನ. ಗುಲಬರ್ಗಾದ ಮಂದಿ ಮುಂದ ಮೊದಲ ಹೇಳಿಬಿಟ್ಟಾನಂತ, ನಮ್ಮ ಮನ್ಯಾಗ ದರ್ಬಾರದ ಗುಂಡಿ ಅವ ಅಂತ. ಈಗ ಐನಾಪುರದ ರೈತ ಮಾಡಿಸಿದ್ದು ಅಂದ್ರ ನಗತಾರ ಅಂತಾನ. ಹೈದರಾಬಾದಿನಿಂದ ಹೊಳೆಯೋ ಪಿತ್ತಳಿ ಗುಂಡಿ ತರಿಸ್ತೀನಿ, ಇದನ್ನ ಪೆಟ್ಟಿಗ್ಯಾಗ ಇಡು ಅಂತಾನ."

ನನಗೆ ಮೈಯೆಲ್ಲ ಉರಿಯಿತು. ಐನಾಪುರದ ಆ ರೈತನ ಮಗಳು ಹೊಲಿದ ಬಟ್ಟೆಯ ಕೂಲಿಯಲ್ಲಿ ಓದಿದ ಮನುಷ್ಯ ಇವನು. ಐನಾಪುರದ ಜೋಳವನ್ನು ಪ್ರತಿ ವರ್ಷ ಚೀಲಗಟ್ಟಲೆ ತರಿಸಿ ತಿಂದವನು. ತಿನ್ನುವಾಗ ಜೋಳ ದರ್ಬಾರಿನದೋ ಎಂದು ಕೇಳಿರಲಿಲ್ಲ. "ನಾಕು ಬೈಯಿ ಅವನಿಗಿ! ಇಲ್ಲಂದ್ರ ಕಳಸು ಇಲ್ಲಿ, ನಾ ಬೈತೀನಿ" ಎಂದೆ.

"ಬೈದ್ರ ಹಾಕ್ಕೊಂತಾನೇನಕ್ಕಾ?" ಎಂದಳು ಬೀಬಿ. ಗಂಟನ್ನು ಬಿಚ್ಚಿ, ಕಟ್ಟಿ, ಮತ್ತೆ ಬಿಚ್ಚಿದಳು. "ನೀವು ಅವನಿಗಿ ಒಂದು ಮಾತು ಹೇಳಬೇಕ್ರಿ. ಮತ್ತೊಮ್ಮೆ ನೋಡಿದೆ, ಇವು ಹೈದರಾಬಾದಿನವೇ ಅಂತ."

ನಾನು ಬೆಪ್ಪಾದೆ. "ಖಬರು ಅದನೇನ್ ನಿನಗ? ಹಂಗ ಹೇಳಿದ್ರ ನಿನ್ನ ಭಾವನ ಮಾತೇ ಖರೆ ಆಗ್ತದ. ಗುಂಡಿ ಅವನ ಪಾಲಾಗ್ತಾವ."

"ಆಗಲಿ. ಭಾವನ ಬಲ್ಲಿ ಹೋಗಿ ನಾನೇ ಹೇಳಿ ಬಂದೀನಿ. ಗುಂಡಿ ನಿಮ್ಮವು ಭಾಯಿಸಾಬ, ಮದುವಿ ಒಂದು ದಿನ ನನ್ನ ಮಗನಿಗಿ ಕೊಡ್ರಿ ಅಂತ. ಹೂಂ ಅಂದಾರ."

"ನಿನ್ನ ಅಪ್ಪನ ಗುಂಡಿ! ನೀ ಅವನ ಕಡಿ ಬೇಡಿದೇನು?"

"ಪೆಟ್ಟಿಗ್ಯಾಗ ನನ್ನವಾಗಿ ಬಿದ್ದಿರೋದಕ್ಕಿಂತ ಒಂದು ದಿನ ಅವನ ಎದಿ ಮ್ಯಾಲ ಇದ್ರ ಸಾಕಕ್ಕಾ. ನಾ ಹೇಳಿದ್ರ ನಂಬಂಗಿಲ್ಲ, ಭಾವ ಹೇಳಿದ್ರೂ ಈಗ ನಂಬಂಗಿಲ್ಲ. ನಿಮ್ಮ ಸೂಜಿ ನೋಡ್ಯಾನ, ನಿಮ್ಮ ಮಾತೇ ಬೇಕಾಗ್ಯದ."

ಒಂದು ತಾಸು ಜಗಳಾಡಿದೆ. ಹುಚ್ಚಿ ಎಂದೆ, ಮಂಗ ಎಂದೆ, ನಿನ್ನಂಥವರಿಂದಲೇ ಈ ಗಂಡಸರು ಕೆಟ್ಟದ್ದು ಎಂದೆ. ಅವಳು ಎಲ್ಲದಕ್ಕೂ ಹೂಂ ಅನ್ನುತ್ತ ಕೂತಿದ್ದಳು, ಏಳಲಿಲ್ಲ. ಕೊನೆಗೆ ನಾನೇ ಎದ್ದು ಚಪ್ಪಲಿ ಮೆಟ್ಟಿದೆ.

ಅವರ ಮನೆಯಲ್ಲಿ ಆ ಹುಡುಗ ಗೋಡೆಯ ಕನ್ನಡಿಯಲ್ಲಿ ಕೂದಲು ಬಾಚಿಕೊಳ್ಳುತ್ತಿದ್ದ. ಮಂಚದ ಮೇಲೆ ಅವನ ದೊಡ್ಡಪ್ಪ ಆಗಲೇ ಬಂದು ಕೂತಿದ್ದ, ಚಹಾ ಕುಡಿಯುತ್ತಿದ್ದ. ನಾನು ಕೂರಲಿಲ್ಲ. "ನೋಡಪ್ಪಾ," ಎಂದೆ, "ಕೆಮ್ಮಣ್ಣು ಚಿಂಚೋಳಿಯಾಗ ಅಷ್ಟೇ ಸಿಗ್ತದ ಅಂತೇನಿಲ್ಲ. ಹೈದರಾಬಾದಿನಾಗೂ ಸಿಗ್ತದ." ಇದರಲ್ಲಿ ಸುಳ್ಳು ಒಂದಕ್ಷರ ಇಲ್ಲ, ಯಾರು ಬೇಕಾದರೂ ಹೋಗಿ ಅಗೆದು ನೋಡಬಹುದು. ಅದರ ಮುಂದಿನ ಮಾತನ್ನು ನಾನು ಆಡಬೇಕಾಗಿಯೇ ಬರಲಿಲ್ಲ. ಹುಡುಗನ ಮುಖ ದೀಪ ಹಚ್ಚಿದ ಹಾಗಾಯಿತು. ದೊಡ್ಡಪ್ಪ ಬಸಿಯಲ್ಲಿನ ಚಹಾ ಸೊರ್ ಎಂದು ಎಳೆದು, "ನಾ ಅವತ್ತೇ ಹೇಳಿದ್ದೆ" ಎಂದ. ಖರೆ ಮಾತಿಗೆ ಸೂಜಿ, ಕೆಂಡ, ಕಾಗದ ಎಲ್ಲ ಬೇಕಾಗಿತ್ತು. ಈ ಅರ್ಧ ಮಾತಿಗೆ ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಥೂ, ಇವರಿಗಾಗಿ ನಾನು ಸೂಜಿ ಕಾಸಿದೆನಲ್ಲ ಎನ್ನಿಸಿತು.

ಗುಲಬರ್ಗಾದಲ್ಲಿ ನಡೆದ ಮದುವೆಗೆ ನಾನು ಹೋಗಬಾರದೆಂದಿದ್ದೆ. ಬೀಬಿಯ ಮುಖ ನೋಡಿ ಹೋದೆ. ಹೆಂಗಸರಿಗೆ ಪರದೆಯ ಈಚೆ ಜಾಗ. ಪರದೆಯ ಸಂದಿಯಿಂದ ಕಾಣುತ್ತಿತ್ತು: ಗುಲಬರ್ಗಾದವರು ಕೊಟ್ಟ ಕೆನೆ ಬಣ್ಣದ ಶೇರ್ವಾನಿ, ಅದರ ಮೇಲೆ ಕೊರಳಿನಿಂದ ನಡುವಿನತನಕ ಬೆಳ್ಳಿ ಗುಂಡಿ, ಗುಂಡಿಯಿಂದ ಗುಂಡಿಗೆ ಜೋತ ಸರಪಳಿ. ಹಿಂದಿನ ದಿನ ಬೀಬಿ ಅವನ್ನು ಅಂಟುವಾಳದ ನೊರೆಯಲ್ಲಿ ತಾನೇ ತೊಳೆದಿದ್ದಳು. ಬಂದವರೆಲ್ಲ ಮದುಮಗನ ಮುಖಕ್ಕಿಂತ ಮೊದಲು ಎದೆ ನೋಡುತ್ತಿದ್ದರು. ದೊಡ್ಡಪ್ಪ ಪಕ್ಕದಲ್ಲೇ ಬೆತ್ತ ಊರಿಕೊಂಡು ನಿಂತು ಪ್ರತಿಯೊಬ್ಬರಿಗೂ ದರ್ಬಾರಿನ ಕಥೆ ಹೇಳುತ್ತಿದ್ದ. ಊಟದ ಹೊತ್ತಿಗೆ ಅಜ್ಜನಿಗೆ ಗುಂಡಿಯ ಜೊತೆಗೆ ಒಂದು ಕುದುರೆಯೂ ಸಿಕ್ಕಿತ್ತು.

ಬೀಬಿ ನನ್ನ ಕೈ ಹಿಡಿದುಕೊಂಡಳು. "ನಮ್ಮಪ್ಪ ಕುಂತಂಗ ಕಾಣಾಕತ್ತದಕ್ಕಾ" ಎಂದಳು. ಅವಳ ಕೈ ಬೆಚ್ಚಗಿತ್ತು. ಬಾಯಿಗೆ ಬಂದ ಬೈಗುಳವನ್ನೆಲ್ಲ ನುಂಗಿಕೊಂಡು ಕೂತೆ.

ಊಟ ಮುಗಿದು, ಹೆಣ್ಣನ್ನು ಕರಕೊಂಡು ಹೊರಡುವ ಗಡಿಬಿಡಿ ಶುರುವಾಗಿತ್ತು. ಸೇಡಂ ಬಸ್ಸಿಗೆ ಹೊತ್ತಾಗುತ್ತದೆ ಎಂದು ದೊಡ್ಡಪ್ಪನಿಗೂ ಅವಸರ. ಎಲ್ಲರ ಮುಂದೆಯೇ ಮದುಮಗನನ್ನು ನಿಲ್ಲಿಸಿ, ಒಳಗೆ ಕೈ ಹಾಕಿ ಒಂದೊಂದೇ ಕೊಂಡಿ ತಪ್ಪಿಸಿ, ಸರಪಳಿ ಸಮೇತ ಗುಂಡಿಗಳನ್ನು ಎಳೆದುಕೊಂಡ. ಎಣಿಸಿ ನೋಡಿ ಜೇಬಿಗೆ ಹಾಕಿದ. ಹೊಸ ಹೆಂಡತಿಯ ಮನೆಯವರೆದುರು ಹುಡುಗನ ಶೇರ್ವಾನಿ ಬಾಯಿ ಬಿಟ್ಟುಕೊಂಡು ನಿಂತಿತು, ಒಳಗಿನ ಬನಿಯನ್ ಕಂಡಿತು. ಒಂದು ತಾಸು ತಡೆದರೆ ದರ್ಬಾರು ಮುಳುಗಿಹೋಗುತ್ತಿತ್ತೇ? ನಾನು ಕೂಗಬೇಕೆಂದು ಎದ್ದೆ. ಬೀಬಿ ನನ್ನ ಸೆರಗು ಹಿಡಿದು ಕೂರಿಸಿದಳು.

ಅವಳೇ ಎದ್ದು ಪರದೆ ದಾಟಿ ಹೋದಳು, ನಾನೂ ಅವಳ ಬೆನ್ನ ಹಿಂದೆ ಹೋದೆ. ತನ್ನ ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನುಗಳನ್ನು ಬಿಚ್ಚಿಕೊಂಡಳು, ಸಾಲದೆ ನನ್ನ ಬಳೆಯಲ್ಲಿದ್ದವನ್ನೂ ಇಸಕೊಂಡಳು. ಮಗನ ಮುಂದೆ ನಿಂತು ಕೊರಳಿನಿಂದ ಕೆಳಗೆ, ಗುಂಡಿ ಇದ್ದ ಒಂದೊಂದು ತೂತಿಗೂ ಪಿನ್ನು ಹಾಕುತ್ತ ಬಂದಳು. ಪಿನ್ನು ಹೊರಗೆ ಕಾಣದಂತೆ ಒಳಗಿನಿಂದ ಹಾಕುತ್ತಿದ್ದಳು, ಹೊಲಿಯುವ ಕೈ ಅಲ್ಲವೇ. ಹುಡುಗ ಆಚೀಚೆ ನೋಡುತ್ತ, "ಜಲ್ದಿ ಅಮ್ಮಿ, ಜಲ್ದಿ" ಎನ್ನುತ್ತಿದ್ದ. ಆಮೇಲೆ ನಗುತ್ತ ಅವಳ ಕಿವಿಯ ಹತ್ತಿರ ಬಗ್ಗಿ ಹೇಳಿದ. ನಾನು ಪಕ್ಕದಲ್ಲೇ ಇದ್ದೆ, ಕೇಳಿಸಿತು.

"ನೋಡಿದೇನಮ್ಮಿ, ಎಷ್ಟು ಮಂದಿ ಕೇಳಿದ್ರು! ನಿಮ್ಮಪ್ಪ ಮಾಡಿಸಿದ್ದು ಅಂತ ಹೇಳಿ ನೀ ನನ್ನ ಮರ್ಯಾದಿ ಕಳೀತಿದ್ದಿ."

"ಹೌದಪ್ಪಾ," ಎಂದಳು ಬೀಬಿ, "ನಂದೇ ತಪ್ಪಾಗಿತ್ತು." ಹಾಗೆಂದು ಕೆಳಗಿನ ಪಿನ್ನು ಹಾಕಿ, ಅವನ ಎದೆಯ ಮೇಲೆ ಬಟ್ಟೆಯನ್ನು ಅಂಗೈಯಿಂದ ಸರಿಮಾಡಿದಳು.